ಪರ್ತ್‌ನ ಐದು ಸೋಲುಗಳು

2024ರ ಏಪ್ರಿಲ್. ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಹಾಕಿ ಉತ್ಸವ. ಕಣದಲ್ಲಿ 360 ಕೊಡವ ಕುಟುಂಬಗಳು. ಮೈದಾನದಂಚಿನಲ್ಲಿ ಕುಳಿತಿದ್ದ ನನ್ನ ಮನಸ್ಸು ಮಾತ್ರ ದೂರದ ಪರ್ತ್‌ನಲ್ಲಿತ್ತು. ಅಲ್ಲಿ ಭಾರತ ಆಸ್ಟ್ರೇಲಿಯಾದೆದುರು ಐದಕ್ಕೆ ಐದೂ ಪಂದ್ಯಗಳನ್ನು ಸೋತಿತು. ಮೊದಲ ದಿನ 1-5. ಕೊನೆಯ ದಿನ 2-3.

‘ಅಂತರ ಕಿರಿದಾಗಿದೆ, ನೋಡು’ ಎಂದರು ಪಕ್ಕದ ಹಿರಿಯರು. ಸೋತವರ ಸಮಾಧಾನವೆಂದು ಬಗೆದೆ. ಆದರೆ ಆಗಸ್ಟ್ 2ರಂದು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ಆಸ್ಟ್ರೇಲಿಯಾವನ್ನು ಭಾರತ 3-2ರಿಂದ ಮಣಿಸಿತು. ಒಲಿಂಪಿಕ್ಸ್‌ನಲ್ಲಿ 1972ರ ನಂತರ ಇದೇ ಮೊದಲು. ಕಂಚಿನ ಪದಕವೂ ಬಂದಿತು.

1997ರಲ್ಲಿ ಕರಡದಲ್ಲಿ ಆರಂಭವಾದ ಈ ಉತ್ಸವದಲ್ಲಿ ಒಂದನ್ನುಳಿದು ಎಲ್ಲ ತಂಡಗಳೂ ಸೋತೇ ಮನೆಗೆ ಮರಳುತ್ತವೆ. ಮರುವರ್ಷ ಮತ್ತೆ ಕೋಲು ಹಿಡಿಯುತ್ತವೆ. ಸೋಲನ್ನು ಕಾಣುವ ಬಗೆಯನ್ನು ನಾಪೋಕ್ಲು ಕಣ್ಣೆದುರೇ ಕಲಿಸುತ್ತಿತ್ತು, ಗಮನಿಸದಿದ್ದವನು ನಾನು.