ಯೋಧನ ಕತ್ತೂ ವೈದ್ಯಮಂಡಳಿಯ ಷರಾವೂ

ಗಡಿಯ ಬೆಟ್ಟಗಳಲ್ಲಿ ಭಾರ ಹೊತ್ತು ಕತ್ತಿನ ಎಲುಬು ಸವೆದು, ನರ ನೊಂದು, ಕೈ ಜೋಮು ಹಿಡಿದು ಮಂಗಳೂರಿಗೆ ಮರಳುವ ಯೋಧನಿಗೆ ‘ವ್ಯಾಧಿಗೂ ಸೇವೆಗೂ ಸಂಬಂಧವಿಲ್ಲ’ ಎಂಬ ಷರಾ ದೊರೆಯುವುದುಂಟು. ಊನವು ಶೇಕಡಾ 20ಕ್ಕಿಂತ ಕಡಮೆಯೆಂದು ಬರೆದರೂ ಅಂಗವೈಕಲ್ಯ ವೇತನವು ಸಾಮಾನ್ಯವಾಗಿ ಸಿಗದು. ಇದನ್ನೇ ಕಡೆಯ ಮಾತೆಂದು ಅವನು ಸುಮ್ಮನಾಗತಕ್ಕದ್ದಲ್ಲ.

ಧರ್ಮವೀರ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರ ನಿಯಮಗಳನ್ನು ವಿವರಿಸಿ 2013ರಲ್ಲಿ ವಿಧಿಸಿದುದೇನೆಂದರೆ: ಭರ್ತಿಯ ಕಾಲದಲ್ಲಿ ದಾಖಲಾಗದ ವ್ಯಾಧಿಯಿಂದ ಯೋಧನು ಸೇವೆ ತೊರೆಯಬೇಕಾದರೆ, ಅದು ಸೇವೆಯಿಂದಲೇ ಬಂದುದೆಂದು ಭಾವಿಸತಕ್ಕದ್ದು; ಅಲ್ಲವೆನ್ನುವ ಮಂಡಳಿಯು ಕಾರಣ ಬರೆಯತಕ್ಕದ್ದು. ಆದುದರಿಂದ ವೈದ್ಯಪತ್ರಗಳ ನಕಲು ಪಡೆದು ಮೇಲ್ಮನವಿ ಸಲ್ಲಿಸಲಿ. ಅಲ್ಲಿಯೂ ನ್ಯಾಯ ದೊರೆಯದಿದ್ದರೆ, 2007ರ ಶಾಸನದಿಂದುಂಟಾದ ಸಶಸ್ತ್ರಪಡೆಗಳ ನ್ಯಾಯಮಂಡಳಿಯ ಪೀಠವು ಕೊಚ್ಚಿಯಲ್ಲಿದೆ.

ಅರ್ಜಿ ಬರೆಯಬಲ್ಲ ಮಹಾಜನರೂ ಅಧಿಕಾರಿಗಳೂ ಅವನಿಗೆ ನೆರವಾಗಲಿ. ನಾಡಿನ ಋಣ ತೀರಿಸಿದವನಿಗೆ ನಾಡು ತೀರಿಸಬೇಕಾದ ಋಣವಿದು.