ನಂಬರ್ ಕೇಳಿದ್ರೆ ಹೆಸರು ಹೇಳೋರು ಯಾರು?

ಗೋಕಾಕ ತಾಲೂಕಿನ ಮೇಲವಂಕಿಯಿಂದ ಕೇಳುಗರೊಬ್ಬರು ಬರೆದಿದ್ದಾರೆ: “ಅಣ್ಣಾ, ಆಫೀಸಿನಾಗ ಸ್ವಂತ ಮೇಲ್ ಸರ್ವರ್ ಹಾಕೀನಿ. ಡೊಮೇನ್ ಐತಿ, ಸ್ಟ್ಯಾಟಿಕ್ ಐಪಿನೂ ಐತಿ. ಆದ್ರ ಕಳಿಸಿದ ಬಿಲ್ ಎಲ್ಲಾ ವಾಪಸ್ ಬರಾಕತ್ತಾವ. ಯಾಕ?”

ಬಿಲ್ ಮುಟ್ಟದಿದ್ದರೆ ರೊಕ್ಕ ಬರೋದಿಲ್ಲ. ಅದಕ್ಕೇ ಇವತ್ತು ಇದನ್ನೇ ತಗೊಂಡೆ. ಕಾರಣ ಬೇರೆ ಬೇರೆ ಇರಬಹುದು, ಆದರೆ ಅವರ ಐಪಿ ಹಾಕಿ ಹುಡುಕಿದಾಗ ಹೆಸರೇ ಬರಲಿಲ್ಲ. ಅಂದರೆ ರಿವರ್ಸ್ ಡಿಎನ್‌ಎಸ್ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಎಲ್ಲರಿಗೂ ಇದು ಇರಲೇಬೇಕು.

ಡಿಎನ್‌ಎಸ್ ಹೆಸರಿನಿಂದ ನಂಬರ್ ಹುಡುಕುತ್ತದೆ. ರಿವರ್ಸ್ ಅಂದರೆ ನಂಬರಿನಿಂದ ಹೆಸರು. ಪತ್ರದ ಮೇಲೆ ವಿಳಾಸ ಹೇಗೆ ಬರೀತೀವಿ? ಮನೆ, ಮೇಲವಂಕಿ, ಗೋಕಾಕ, ಬೆಳಗಾವಿ: ಸಣ್ಣದರಿಂದ ದೊಡ್ಡದಕ್ಕೆ. ಡೊಮೇನ್ ಹೆಸರೂ ಹಾಗೇ. ಐಪಿ ಮಾತ್ರ ದೊಡ್ಡದರಿಂದ ಸಣ್ಣದಕ್ಕೆ. ಹಾಗಾಗಿ ಅದನ್ನು ತಿರುವಿ ಬರೀಬೇಕು. 203.0.113.66 ಅನ್ನೋದು 66.113.0.203 ಆಗಿ, ಕೊನೆಗೆ ‘ಇನ್-ಆಡರ್ ಡಾಟ್ ಅರ್ಪಾ’ ಸೇರುತ್ತದೆ. ಅಲ್ಲಿ ಬರೆಯುವ ಹೆಸರೇ ಪಿಟಿಆರ್ ದಾಖಲೆ.

ಮೊದಲ ಸಲ ನಾನು ಎರಡು ದಿನ ಡೊಮೇನ್ ಕೊಂಡ ಕಡೆಯೇ ಇದನ್ನು ಹುಡುಕಿದ್ದೆ. ಸಿಗಲಿಲ್ಲ, ಸಿಗೋದೂ ಇಲ್ಲ. ಹೊಲ ಯಾರ ಹೆಸರಿಗಿದೆಯೋ ಅವರೇ ಲಾವಣಿಗೆ ಕೊಡಬೇಕಲ್ಲ? ಡೊಮೇನ್ ನಿಮ್ಮದು, ಐಪಿ ಮಾತ್ರ ಇಂಟರ್ನೆಟ್ ಕಂಪನಿಯದು. ಭಾರತದಲ್ಲಿ ಕಂಪನಿಗಳಿಗೆ ಐಪಿ ಹಂಚೋದು ನಿಕ್ಸಿ ಸಂಸ್ಥೆಯ ಐಆರ್‌ಐಎನ್‌ಎನ್. ರಿವರ್ಸ್ ಅಧಿಕಾರವೂ ಅದೇ ದಾರಿಯಲ್ಲಿ ಇಳಿದು ಬರುತ್ತದೆ.

ತೊಡಕು ಇಲ್ಲಿದೆ. ಈ ಅಧಿಕಾರವನ್ನು ಚುಕ್ಕಿ ಇದ್ದಲ್ಲಿ ಮಾತ್ರ ತುಂಡು ಮಾಡಬಹುದು, ಅಂದರೆ ಕನಿಷ್ಠ 256 ಐಪಿಗಳ ತುಂಡು. ನಿಮ್ಮ ಹತ್ತಿರ ಎಂಟೇ ಇದ್ದರೆ? ಇದಕ್ಕೆ 1998ರಲ್ಲಿ ಆರ್‌ಎಫ್‌ಸಿ 2317 ದಾರಿ ಹೇಳಿತು. ಕಂಪನಿ ತನ್ನ ಝೋನಿನಲ್ಲಿ ‘64-71’ ಅಂತ ಒಂದು ಉಪಝೋನ್ ಮಾಡಿ ನಿಮ್ಮ ನೇಮ್ ಸರ್ವರ್‌ಗೆ ಒಪ್ಪಿಸುತ್ತದೆ. ಎಂಟೂ ಐಪಿಗೆ ಒಂದೊಂದು ಸಿನೇಮ್ ಹಾಕಿ ಆ ಕಡೆ ಕೈ ತೋರಿಸುತ್ತದೆ. ಆಮೇಲೆ ಪಿಟಿಆರ್ ಬರೆಯೋದು, ಬದಲಿಸೋದು ನಿಮ್ಮ ಕೈಯಲ್ಲಿ.

ಒಂದೇ ಸರ್ವರ್ ಇದ್ದರೆ ಇಷ್ಟೆಲ್ಲ ಬೇಡ. ಕಂಪನಿಗೆ ಹೀಗೆ ಬರೀರಿ: “ಈ ಐಪಿಗೆ ಈ ಹೆಸರಿನ ಪಿಟಿಆರ್ ಹಾಕಿಕೊಡಿ.” ಹಲವು ಮನೆಗಳಿಗೆ ಒಂದೇ ಐಪಿ ಹಂಚಿದ ಕನೆಕ್ಷನ್ ಆದರೆ ಆಗೋದಿಲ್ಲ, ಸ್ಟ್ಯಾಟಿಕ್ ಐಪಿಯೇ ಬೇಕು.

ಕೊನೆಗೆ ಫೋನಿನಲ್ಲೇ ‘ರಿವರ್ಸ್ ಡಿಎನ್‌ಎಸ್ ಲುಕಪ್’ ಹುಡುಕಿ, ಐಪಿ ಹಾಕಿ ನೋಡಿ. ಬಂದ ಹೆಸರನ್ನು ಮತ್ತೆ ಹುಡುಕಿದರೆ ಅದೇ ಐಪಿ ಬರಬೇಕು. ಎರಡೂ ಕಡೆ ತಾಳೆ ಆಗದಿದ್ದರೆ ಕೆಲಸ ಅರ್ಧವೇ ಆದಂತೆ. ಮೇಲವಂಕಿಯ ತಮ್ಮಾ, ತಾಳೆ ಆದ ಮೇಲೆ ಮೊದಲ ಬಿಲ್ ಕಳಿಸಿ ನೋಡು. ಮುಟ್ಟಿದರೆ ನನಗೂ ಒಂದು ಮೇಲ್ ಹಾಕು.