ಕೆಡುವ ಮುನ್ನ ಬದಲಿಸಬೇಕೆ?

ಭೀಮಾ ನದಿಯ ದಂಡೆಯಲ್ಲಿರುವ ಇಂಡಿ ತಾಲೂಕಿನ ಅಗರಖೇಡದಲ್ಲಿ ನನ್ನ ಸೋದರಮಾವನ ಮನೆಯಿದೆ. ನಿಂಬೆ ಮತ್ತು ಕಬ್ಬಿನ ಬೇಸಾಯ ಅವರದು. ಅವರ ಮೋಟಾರು ಕಾರು ಹನ್ನೊಂದು ವರ್ಷಗಳಲ್ಲಿ 80,000 ಕಿಲೋಮೀಟರು ಓಡಿದೆ. ಕಳೆದ ಬೇಸಗೆಯಲ್ಲಿ ಮೆಕ್ಯಾನಿಕನೊಬ್ಬ ಅದನ್ನು ಪರೀಕ್ಷಿಸಿ, ಟೈಮಿಂಗ್ ಬೆಲ್ಟು, ನೀರಿನ ಪಂಪು, ರಬ್ಬರು ಪೈಪುಗಳು, ಸ್ಟಾರ್ಟರು ಎಲ್ಲವೂ ಹಳೆಯವಾಗಿವೆ, ಒಮ್ಮೆಲೇ ಬದಲಿಸಿಬಿಡಿ ಎಂದನಂತೆ. ಮಾವನವರಿಗೆ ಇದು ಒಪ್ಪಿಗೆಯಾಗಲಿಲ್ಲ. "ತಮ್ಮಾ, ಓಡೂ ಗಾಡಿ ಬಿಚ್ಚಿ ಹಾಕೂದು ಶ್ಯಾಣ್ಯಾತನ ಏನು? ಕೆಟ್ಟ ಮ್ಯಾಲೆ ನೋಡಿದರಾತು" ಎಂದು ನನ್ನನ್ನು ಕೇಳಿದರು. ಅವರ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಡುರಾತ್ರಿಯಲ್ಲಿ ನೋವು ಕಾಣಿಸಿಕೊಂಡರೆ ಅವಳನ್ನು ಇಂಡಿಯ ಆಸ್ಪತ್ರೆಗೆ ಕರೆದೊಯ್ಯಬೇಕಾದುದು ಇದೇ ಕಾರು. ಆದುದರಿಂದ ಪ್ರಶ್ನೆ ಕೇವಲ ಹಣದ್ದಾಗಿರಲಿಲ್ಲ.

ಮಾವನವರ ಮಾತಿನಲ್ಲಿಯೂ ಮೆಕ್ಯಾನಿಕನ ಮಾತಿನಲ್ಲಿಯೂ ಸತ್ಯಾಂಶವಿದೆ. ಯಾವ ಭಾಗಕ್ಕೆ ಯಾರ ಮಾತು ಸಲ್ಲುತ್ತದೆ ಎಂಬುದನ್ನು ತಿಳಿಯಬೇಕಾದರೆ ಎರಡು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು, ವಯಸ್ಸಾದಂತೆ ಆ ಭಾಗವು ಕೆಡುವ ಸಂಭವವು ಹೆಚ್ಚುತ್ತದೆಯೆ? ಎರಡನೆಯದು, ಅದು ಹೇಳದೆ ಕೇಳದೆ ಕೆಟ್ಟರೆ ಆಗುವ ನಷ್ಟವು, ಮುಂಚಿತವಾಗಿ ಬದಲಿಸುವ ಖರ್ಚಿಗಿಂತ ಬಹಳ ದೊಡ್ಡದೆ?

ಮೊದಲನೆಯ ಪ್ರಶ್ನೆಗೆ ಉತ್ತರವು ಯಾವಾಗಲೂ 'ಹೌದು' ಎಂದು ನಾವು ಭಾವಿಸುವುದುಂಟು. ಇದು ತಪ್ಪು. ಲಾರಿಯ ಗಾಲಿಯಿಂದ ಸಿಡಿದ ಕಲ್ಲು ಕಾರಿನ ಮುಂದಣ ಗಾಜನ್ನು ಒಡೆಯಬಹುದು. ಆ ಕಲ್ಲಿಗೆ ಗಾಜು ಹೊಸದೋ ಹಳೆಯದೋ ಎಂಬ ವಿಚಾರವಿಲ್ಲ. ಹತ್ತು ವರ್ಷವಾಯಿತೆಂದು ಗಾಜನ್ನು ಬದಲಿಸಿದರೆ ಅಪಾಯವು ಕೂದಲೆಳೆಯಷ್ಟೂ ಕಡಿಮೆಯಾಗದು. ಇನ್ನು ಕೆಲವು ಭಾಗಗಳು ಹೊಸದಾಗಿರುವಾಗಲೇ ಹೆಚ್ಚು ಕೆಡುತ್ತವೆ. ತಯಾರಿಕೆಯ ದೋಷ, ಜೋಡಣೆಯ ತಪ್ಪು ಇವೆಲ್ಲ ಮೊದಲ ಕೆಲವು ದಿನಗಳಲ್ಲಿಯೇ ಹೊರಬೀಳುತ್ತವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಮಾನದಳದ ಕರಾವಳಿ ವಿಭಾಗದಲ್ಲಿ ಜೀವವಿಜ್ಞಾನಿ ವಾಡಿಂಗ್ಟನ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರವನ್ನು ಕಂಡರು. ವಿಮಾನಗಳನ್ನು 50 ಗಂಟೆಗಳ ಹಾರಾಟಕ್ಕೊಮ್ಮೆ ಬಿಚ್ಚಿ ಪರೀಕ್ಷಿಸುವ ಪದ್ಧತಿಯಿತ್ತು. ಅನಿರೀಕ್ಷಿತ ದುರಸ್ತಿಗಳು ಆ ಪರೀಕ್ಷೆಯ ಬೆನ್ನಿಗೇ ಹೆಚ್ಚಾಗಿ, ಮುಂದೆ ಕ್ರಮೇಣ ಇಳಿಯುತ್ತಿದ್ದವು. ಅಂದರೆ ಸುಮ್ಮನಿದ್ದ ಯಂತ್ರವನ್ನು ಕೆದಕಿದ್ದೇ ಕೇಡಿಗೆ ಕಾರಣವಾಗಿತ್ತು! 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ನೌಲನ್ ಮತ್ತು ಹೀಪ್ ಎಂಬುವರು ಬರೆದ ವರದಿಯು, ವಿಮಾನದ ಭಾಗಗಳಲ್ಲಿ ನೂರಕ್ಕೆ 11ರಷ್ಟು ಮಾತ್ರ ವಯಸ್ಸಿನಿಂದ ಸವೆದು ಕೆಡುವಂಥವು ಎಂದು ತೋರಿಸಿತು. ಉಳಿದ 89ರ ವಿಷಯದಲ್ಲಿ ವಯಸ್ಸಿನ ಮಿತಿಯನ್ನು ಹಾಕುವುದರಿಂದ ಪ್ರಯೋಜನವಿರಲಿಲ್ಲ. ಮಾವನವರ ಮಾತಿಗೆ ಇದಕ್ಕಿಂತ ದೊಡ್ಡ ಬೆಂಬಲ ಬೇಕಿಲ್ಲ.

ಆದರೆ ಟೈಮಿಂಗ್ ಬೆಲ್ಟು ಆ ಹನ್ನೊಂದರ ಗುಂಪಿಗೆ ಸೇರತಕ್ಕದ್ದು. ಇಂಜಿನಿನ ಪಿಸ್ಟನ್ನುಗಳು ಮೇಲೆ ಕೆಳಗೆ ಆಡುವಾಗ, ಅವುಗಳ ತಲೆಯ ಮೇಲಿನ ವಾಲ್ವುಗಳು ಕ್ಲುಪ್ತ ಸಮಯಕ್ಕೆ ತೆರೆದು ಮುಚ್ಚಬೇಕು. ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ವಾಲ್ವೂ ಒಮ್ಮೆ ತೆರೆಯುತ್ತದೆ. ಈ ತಾಳವನ್ನು ಕಾಯುವ ಹೊಣೆ ಹಲ್ಲುಗಳುಳ್ಳ ಒಂದು ರಬ್ಬರು ಪಟ್ಟಿಯದು. ಅದರ ಒಡಲಲ್ಲಿ ಗಾಜಿನ ಎಳೆಗಳ ಹುರಿಗಳಿರುತ್ತವೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಇಂಜಿನು ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಆಗ ಒಂದು ಕಿಲೋಮೀಟರಿಗೆ 2,500 ಸುತ್ತು. 80,000 ಕಿಲೋಮೀಟರಿಗೆ 20 ಕೋಟಿ ಸುತ್ತು! ಅಷ್ಟು ಕಾಲವೂ ಬೆಲ್ಟು ಬಾಗುತ್ತ, ನೆಟ್ಟಗಾಗುತ್ತ, ಮತ್ತೆ ಬಾಗುತ್ತ ದಣಿಯುತ್ತಿರುತ್ತದೆ.

ದೂರದಂತೆ ಕಾಲವೂ ರಬ್ಬರನ್ನು ತಿನ್ನುತ್ತದೆ. ಗಾಳಿಯ ಆಮ್ಲಜನಕವು ರಬ್ಬರಿನೊಡನೆ ಮೆಲ್ಲಗೆ ಕೂಡಿ ಅದನ್ನು ಪೆಡಸು ಮಾಡುತ್ತದೆ. ಉಷ್ಣತೆಯು 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗವು ಸುಮಾರಾಗಿ ಇಮ್ಮಡಿಯಾಗುತ್ತದೆಂಬುದು ಒಂದು ಸ್ಥೂಲ ನಿಯಮ. ವಿಜಯಪುರ ಜಿಲ್ಲೆಯ ಬೇಸಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ಮೀರುವುದುಂಟು. ಇಂಜಿನಿನ ಮಗ್ಗುಲಲ್ಲಿ ಹೇಳತಕ್ಕದ್ದೇನು? ಆದ್ದರಿಂದಲೇ ತಯಾರಕರು ಇಂತಿಷ್ಟು ಕಿಲೋಮೀಟರು ಅಥವಾ ಇಂತಿಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಗಡುವು ಕೊಡುತ್ತಾರೆ. ಕಾರು ಕಡಿಮೆ ಓಡಿದೆ ಎಂಬುದು ಬೆಲ್ಟಿಗೆ ಪೂರ್ಣ ರಕ್ಷೆಯಲ್ಲ.

ಬೆಲ್ಟು ಹರಿದರೆ ವಾಲ್ವುಗಳು ನಿಂತಲ್ಲಿಯೇ ನಿಲ್ಲುತ್ತವೆ, ಪಿಸ್ಟನ್ನುಗಳು ತಮ್ಮ ವೇಗದಲ್ಲಿ ಇನ್ನೂ ಕೆಲವು ಸುತ್ತು ಆಡುತ್ತವೆ. ಹಲವು ಇಂಜಿನುಗಳಲ್ಲಿ, ಅದರಲ್ಲೂ ಡೀಸೆಲ್ ಇಂಜಿನುಗಳಲ್ಲಿ, ಇವೆರಡರ ನಡುವೆ ಇರುವ ಎಡೆ ಬಹಳ ಕಿರಿದು. ತೆರೆದುನಿಂತ ವಾಲ್ವಿಗೆ ಪಿಸ್ಟನ್ನು ಗುದ್ದಿ ಅದನ್ನು ಬಗ್ಗಿಸುತ್ತದೆ. ಕೆಲವು ಇಂಜಿನುಗಳಲ್ಲಿ ಬೆಲ್ಟಿನ ಬದಲು ಉಕ್ಕಿನ ಸರಪಳಿಯಿರುತ್ತದೆ. ಅದು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ, ಸಡಿಲವಾದಾಗ ಅನೇಕ ವೇಳೆ ಗಲಗಲ ಸದ್ದು ಮಾಡಿ ಎಚ್ಚರಿಸುತ್ತದೆ. ತಮ್ಮ ಕಾರಿನಲ್ಲಿ ಇರುವುದು ಯಾವುದು ಎಂಬುದನ್ನು ಓದುಗರು ಮೊದಲು ವಿಚಾರಿಸಿಕೊಳ್ಳಬೇಕು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಮಾವನವರೊಡನೆ ಕುಳಿತು ನಾನು ಅಂದಾಜಿನ ಅಂಕಿಗಳಿಂದ ಒಂದು ಲೆಕ್ಕ ಹಾಕಿದೆ. ಬೆಲ್ಟನ್ನು ಬದಲಿಸಲು 5,000 ರೂಪಾಯಿ, ಅದರ ಬಾಳಿಕೆ ಐದು ವರ್ಷ ಎಂದಿಟ್ಟುಕೊಂಡರೆ, ಒಂದು ವರ್ಷ ಮುಂದೂಡಿದಾಗ ಉಳಿಯುವುದು 1,000 ರೂಪಾಯಿ. ದಾರಿಯಲ್ಲಿ ಹರಿದರೆ ಇಂಜಿನು ಬಿಚ್ಚುವ ಖರ್ಚು ಸೇರಿ 40,000 ಎನ್ನೋಣ. ಅಂದರೆ 35,000 ರೂಪಾಯಿ ಅಧಿಕ ನಷ್ಟ. 1,000ವನ್ನು 35,000ದಿಂದ ಭಾಗಿಸಿದರೆ ನೂರಕ್ಕೆ ಸುಮಾರು 3 ಬರುತ್ತದೆ. ಬರುವ ವರ್ಷದಲ್ಲಿ ಬೆಲ್ಟು ಹರಿಯುವ ಸಂಭವವು ನೂರಕ್ಕೆ ಮೂರನ್ನು ಮೀರಿದರೆ ಮುಂದೂಡುವುದು ನಷ್ಟದ ವ್ಯಾಪಾರ. ಗಡುವು ದಾಟಿದ ಬೆಲ್ಟಿನ ಮೇಲೆ ಅಷ್ಟು ಭರವಸೆ ಇಡಲು ಬಾರದು.

ಇದೇ ಲೆಕ್ಕವನ್ನು ಸ್ಟಾರ್ಟರಿಗೆ ಹಾಕೋಣ. ಬದಲಿಸಲು 4,000, ಬಾಳಿಕೆ ಎಂಟು ವರ್ಷ; ಮುಂದೂಡಿದರೆ ವರ್ಷಕ್ಕೆ 500ರ ಉಳಿತಾಯ. ಕೆಟ್ಟ ಮೇಲೆ ಬದಲಿಸಿದರೆ 5,000. ಅಧಿಕ ನಷ್ಟ 1,000 ಮಾತ್ರ. ಕೆಡುವ ಸಂಭವವು ನೂರಕ್ಕೆ 50ನ್ನು ಮುಟ್ಟುವವರೆಗೆ ಅದರ ಗೊಡವೆಗೆ ಹೋಗಬೇಕಿಲ್ಲ. ಕಾರನ್ನು ನಾಲ್ವರು ನೂಕಿಯೂ ನಡೆಸಬಹುದು.

ನೀರಿನ ರಬ್ಬರು ಪೈಪುಗಳ ಬೆಲೆ ಕೆಲವೇ ನೂರು ರೂಪಾಯಿ. ಆದರೆ ಅವು ಒಡೆದು ನೀರು ಸೋರಿಹೋದರೆ ಇಂಜಿನು ಕಾಯ್ದು ಕೆಡುತ್ತದೆ. ಸಮಾನವಾಗಿ ಕಾಯಿಸಿದಾಗ ಅಲ್ಯುಮಿನಿಯಮ್ ಕಬ್ಬಿಣದ ಸುಮಾರು ಇಮ್ಮಡಿ ಹಿಗ್ಗುತ್ತದೆ. ಅಲ್ಯುಮಿನಿಯಮ್ಮಿನ ತಲೆಯನ್ನು ಕಬ್ಬಿಣದ ಒಡಲಿಗೆ ಬಿಗಿದಿದ್ದರೆ ಅತಿಶಾಖದಲ್ಲಿ ತಲೆ ಡೊಂಕಾಗುತ್ತದೆ. ಅಗ್ಗದ ಭಾಗ, ದುಬಾರಿ ಕೇಡು. ಹಿಸುಕಿ ನೋಡಿ ಮೆತ್ತಗಾಗಿದ್ದರೆ, ಬಿರುಕು ಕಂಡರೆ ಬದಲಿಸಬೇಕು. ಪಿಸ್ಟನ್ನಿನ ರಿಂಗುಗಳು ಹಾಗಲ್ಲ. ಅವು ನಿಧಾನವಾಗಿ ಸವೆದು, ಎಣ್ಣೆ ಕುಡಿದು, ನೀಲಿ ಹೊಗೆ ಉಗುಳಿ ಮುನ್ಸೂಚನೆ ಕೊಡುತ್ತವೆ. ಅಂಥವನ್ನು ಬಿಚ್ಚುವುದಕ್ಕಿಂತ ಗಮನಿಸುತ್ತಿರುವುದು ಲೇಸು.

ಈ ಲೆಕ್ಕದಲ್ಲಿ ಇನ್ನೊಂದು ಮಾತುಂಟು. ನಾವು ಬರೆದ 40,000 ಕೇವಲ ಲೋಹದ ಬೆಲೆ. ಬಸುರಿ ಮಗಳನ್ನು ಕೂಡಿಸಿಕೊಂಡು ನಡುರಾತ್ರಿಯಲ್ಲಿ ದಾರಿಯ ಮೇಲೆ ನಿಲ್ಲುವುದಕ್ಕೆ ಎಷ್ಟು ಬರೆಯೋಣ? ಸಂಖ್ಯೆ ಬರೆಯಲಾಗದಿದ್ದರೂ ಅದು ತಕ್ಕಡಿಯ ಯಾವ ತಟ್ಟೆಗೆ ಬೀಳುತ್ತದೆಂಬುದು ಸ್ಪಷ್ಟ. ಕೈಗೆಟಕುವಲ್ಲಿ ಬಾಡಿಗೆಯ ವಾಹನಗಳಿರುವ ನಗರವಾಸಿಗೂ, ಮನೆಗೊಂದೇ ಕಾರುಳ್ಳ ಹಳ್ಳಿಯ ರೈತನಿಗೂ ಒಂದೇ ಬೆಲ್ಟಿನ ವಿಷಯದಲ್ಲಿ ಬೇರೆ ಬೇರೆ ಉತ್ತರ ಬರಬಹುದು, ಎರಡೂ ಸರಿಯಾಗಿರಬಹುದು.

ಮಾವನವರು ಬೆಲ್ಟನ್ನೂ ಪೈಪುಗಳನ್ನೂ ಬದಲಿಸಿದರು. ಅವರ ಕಾರಿನಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಎರಡಕ್ಕೂ ಬಿಚ್ಚುವ ಕೂಲಿ ಒಂದೇ ಆದುದರಿಂದ ಪಂಪನ್ನೂ ಹೊಸದು ಹಾಕಿಸಿದರು. ಸ್ಟಾರ್ಟರನ್ನು ಮುಟ್ಟಲಿಲ್ಲ. ಹೆರಿಗೆಯ ದಿನಗಳು ಹತ್ತಿರವಾಗುವ ಮೊದಲೇ ಕೆಲಸ ಮುಗಿಸಿ ಎರಡು ವಾರ ಕಾರನ್ನು ಊರ ಸುತ್ತಮುತ್ತಲೇ ಓಡಿಸಿದರು. ಹೊಸ ಜೋಡಣೆಯ ದೋಷವಿದ್ದರೆ ಹಗಲಿನಲ್ಲಿ, ಮನೆಯ ಬಳಿಯಲ್ಲಿ ತೋರಿಬರಲೆಂದು.

ಮೆಕ್ಯಾನಿಕನು ಹಳೆಯ ಬೆಲ್ಟನ್ನು ಅವರ ಕೈಗಿತ್ತಾಗ ಅದರಲ್ಲಿ ಒಂದು ಬಿರುಕೂ ಕಾಣಲಿಲ್ಲ. "ನೋಡು ತಮ್ಮಾ, ಛಲೋನ ಐತಲ್ಲ!" ಎಂದರು ಮಾವನವರು. ಒಳಗಿನ ಹುರಿಗಳ ದಣಿವು ಕಣ್ಣಿಗೆ ಕಾಣುವಂಥದಲ್ಲ. ಅದು ಇನ್ನೂ ಒಂದು ವರ್ಷ ಬಾಳುತ್ತಿತ್ತೋ, ಮರುದಿನವೇ ಹರಿಯುತ್ತಿತ್ತೋ ಯಾರೂ ಹೇಳಲಾರರು. ಹರಿಯದ ಬೆಲ್ಟನ್ನು ತೆಗೆದದ್ದು ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ನಿರ್ಧಾರವನ್ನು ತೂಗಬೇಕಾದುದು ಅದನ್ನು ಕೈಗೊಂಡಾಗ ನಮಗೆ ತಿಳಿದಿದ್ದ ಸಂಭವಗಳಿಂದಲೇ ಹೊರತು, ಆಮೇಲೆ ಒದಗಿದ ಫಲದಿಂದಲ್ಲ.